ನೀನು ವೇದಿಕೆ ಹತ್ತುವ ಮುನ್ನ

ಪ್ರೀತಿಯ ಪುಟ್ಟಿಗೆ,

ನ್ಯೂಯಾರ್ಕಿನ ಕ್ಲಬ್ಬೊಂದರಲ್ಲಿ ಐದು ನಿಮಿಷ ಹಾಸ್ಯ ಮಾಡಲು ಅವಕಾಶ ಸಿಕ್ಕಿತೆಂದು ಬರೆದಿದ್ದೀಯೆ. ಓದಿ ನಿನ್ನ ಅಮ್ಮನಿಗೂ ನನಗೂ ಬಹಳ ಸಂತೋಷವಾಯಿತು. ಒಬ್ಬರೇ ನಿಂತು ಸಭೆಯನ್ನು ನಗಿಸುವ ಈ ವಿದ್ಯೆ ಪಳಗಿದ್ದು ನಿನ್ನ ಊರಿನಿಂದ ಕೆಲವೇ ಗಂಟೆಗಳ ದಾರಿಯ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ. ಆ ಕಥೆ ನಿನಗೆ ತಿಳಿದಿರಬೇಕು.

1877ರಲ್ಲಿ ನ್ಯೂಯಾರ್ಕ್ ರಾಜ್ಯದ ವಿಹಾರದ ಊರು ಸಾರಟೋಗದ ಗ್ರ್ಯಾಂಡ್ ಯೂನಿಯನ್ ಹೋಟೆಲು, ಯಹೂದಿ ಎಂಬ ಕಾರಣಕ್ಕೆ ಬ್ಯಾಂಕರ್ ಜೋಸೆಫ್ ಸೆಲಿಗ್‌ಮನ್ ಅವರಿಗೆ ಕೋಣೆ ಕೊಡಲಿಲ್ಲ. ಅಂಥ ಬಾಗಿಲುಗಳು ಅನೇಕ ದಶಕ ಮುಚ್ಚಿಯೇ ಇದ್ದವು. ಯಹೂದಿಗಳು ಕ್ಯಾಟ್‌ಸ್ಕಿಲ್‌ನಲ್ಲಿ ತಮ್ಮದೇ ಹೋಟೆಲುಗಳನ್ನು ಕಟ್ಟಿಕೊಂಡರು. ಗ್ರೋಸಿಂಗರ್ಸ್, ಕಾಂಕಾರ್ಡ್, ಕಟ್ಷರ್ಸ್, ಬ್ರೌನ್ಸ್: ಎರಡನೇ ಮಹಾಯುದ್ಧ ಮುಗಿದ ಮೇಲೆ ಇವು ಉಚ್ಛ್ರಾಯಕ್ಕೇರಿದವು. ಮಾಂಸಕ್ಕೂ ಹಾಲಿಗೂ ಬೇರೆ ಬೇರೆ ಪಾತ್ರೆ ಇಡುವ ಮಡಿಯ ಅಡುಗೆಮನೆ, ಈಜುಕೊಳ, ಮ್ಯಾಂಬೊ ನೃತ್ಯದ ಪಾಠ, ರಾತ್ರಿ ಊಟವಾದ ಮೇಲೆ ಪ್ರದರ್ಶನ. 1952ರಲ್ಲಿ ಗ್ರೋಸಿಂಗರ್ಸ್‌ನವರು ಸ್ಕೀ ಇಳಿಜಾರಿಗೆ ಯಂತ್ರದಿಂದ ಹಿಮವನ್ನೇ ಸುರಿಸಿದರು!

ನೀನು ಗಮನಿಸಬೇಕಾದದ್ದು ಆ ಹೋಟೆಲುಗಳ ಟಮ್ಲರ್‌ಗಳ ಕೆಲಸ. ಮಳೆ ಹಿಡಿದ ದಿನ ಅತಿಥಿಗಳು ಬೇಸರಪಟ್ಟು ಗಂಟುಮೂಟೆ ಕಟ್ಟದಂತೆ ಬೆಳಗಿನಿಂದ ರಾತ್ರಿಯವರೆಗೆ ರಂಜಿಸುವ ಸಂಬಳದ ಆಳು ಅವನು. ಬಟ್ಟೆ ಸಮೇತ ಕೊಳಕ್ಕೆ ಬೀಳುವುದೂ ಕೆಲಸದ ಭಾಗವೇ. ಮುಂದೆ ಹೆಸರಾಂತ ಹಾಸ್ಯಗಾರರಾದ ಡ್ಯಾನಿ ಕೇ, ಮೆಲ್ ಬ್ರೂಕ್ಸ್ ಹೀಗೆಯೇ ಶುರು ಮಾಡಿದವರು. ವಾರಗಟ್ಟಲೆ ಉಳಿಯುವ ಅದೇ ಜನರ ಮುಂದೆ ನಿನ್ನೆಯ ಮಾತು ಇಂದು ನಡೆಯುವುದಿಲ್ಲ. ಪ್ರತಿಭೆಯೆಂದು ನಾವು ಕರೆಯುವುದರಲ್ಲಿ ಬಹುಪಾಲು ಈ ದುಡಿಮೆಯೇ ಎಂದು ನಾನು ನಂಬುತ್ತೇನೆ. ಯುದ್ಧಾನಂತರ ಹಾಸ್ಯಗಾರರು ಒಂದೇ ರಾತ್ರಿ ಹೋಟೆಲಿನಿಂದ ಹೋಟೆಲಿಗೆ ಓಡಿ ಆಟ ಕಟ್ಟುತ್ತಿದ್ದರು. ಇಂಗ್ಲಿಷಿನಲ್ಲಿ ಕಥೆ ಹೇಳಿ, ಕೊನೆಯ ಮಾತನ್ನು ಪೂರ್ವ ಯುರೋಪಿನ ಯಹೂದಿಗಳ ಮನೆಮಾತಾದ ಯಿಡ್ಡಿಷ್‌ನಲ್ಲಿ ಎಸೆಯುವುದೂ ಇತ್ತು. ಕೇಳುವವರಲ್ಲಿ ಯುರೋಪಿನ ಹತ್ಯಾಕಾಂಡದಲ್ಲಿ ಬಂಧುಬಳಗವನ್ನೇ ಕಳೆದುಕೊಂಡವರಿದ್ದರು. ಅವರನ್ನೂ ನಗಿಸಿದರಲ್ಲ, ಅದಕ್ಕೆ ನಾನು ತಲೆಬಾಗುತ್ತೇನೆ.

ಮುಂದೆ ವಿಮಾನಯಾನ ಅಗ್ಗವಾಯಿತು, ಮನೆಮನೆಗೆ ಹವಾನಿಯಂತ್ರಣ ಬಂತು, ಯಹೂದಿಗಳಿಗೆ ಮುಚ್ಚಿದ್ದ ಹೋಟೆಲುಗಳ ಬಾಗಿಲೂ ತೆರೆದವು; ಬೆಟ್ಟಕ್ಕೆ ಬರುವವರು ಕಡಿಮೆಯಾದರು. ಗ್ರೋಸಿಂಗರ್ಸ್ 1986ರಲ್ಲಿ, ಕಾಂಕಾರ್ಡ್ 1998ರಲ್ಲಿ ಮುಚ್ಚಿದವು.

ಕ್ಯಾಟ್‌ಸ್ಕಿಲ್ ಸೀಮೆಯ ಎಲನ್‌ವಿಲ್ ಎಂಬ ಊರಿನಲ್ಲಿ ಈ ಹೋಟೆಲುಗಳ ನೆನಪಿಗೆಂದೇ ಒಂದು ವಸ್ತುಸಂಗ್ರಹಾಲಯವಿದೆ. ಬಿಡುವಾದಾಗ ಹೋಗಿ ಬಾ. ನಿನ್ನ ಐದು ನಿಮಿಷದ ಮಾತುಗಳನ್ನು ಬರೆದು ಕಳುಹಿಸು. ಅಮ್ಮ ಈಗಾಗಲೇ ಎರಡು ಸಲ ಕೇಳಿದಳು.

ನಿನ್ನ,
ಅಪ್ಪ