ಪರೀಕ್ಷೆಯ ಇಂಗ್ಲಿಷ್: ಪದಪಟ್ಟಿ ಸಾಕು, ವಾಕ್ಯ ಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ವಿದ್ಯಾರ್ಥಿ ಪುಟದ ಇಂಗ್ಲಿಷ್ ಅಂಕಣವನ್ನು ನಾನು ತಪ್ಪದೆ ಓದುತ್ತೇನೆ. ಈ ಸಲ ಪರೀಕ್ಷೆಗೆ ಸಂಬಂಧಿಸಿದ ಪದಗಳನ್ನು ಕೊಟ್ಟಿದ್ದೀರಿ. ಸಿಲಬಸ್, ಕ್ವೆಶ್ಚನ್ ಪೇಪರ್, ಇನ್ವಿಜಿಲೇಟರ್, ರಿಸಲ್ಟ್... ಒಂದೂ ತಪ್ಪಿಲ್ಲ. ಆದರೆ ಇವುಗಳಲ್ಲಿ ಹೆಚ್ಚಿನವು ಮಕ್ಕಳಿಗೆ ಮೊದಲೇ ಗೊತ್ತು. ಕನ್ನಡ ಮಾತಾಡುವಾಗಲೂ ಇವನ್ನೇ ಬಳಸುತ್ತಾರೆ. ಪರೀಕ್ಷೆ ಬೇಕೋ ಬೇಡವೋ, ಯಾಕೆ ಅಂತ ಯಾರಾದರೂ ಇಂಗ್ಲಿಷಿನಲ್ಲಿ ಕೇಳಿದಾಗ ಮಾತ್ರ ಬಾಯಿ ಕಟ್ಟುತ್ತದೆ. ಅಲ್ಲಿಗೆ ಬೇಕಾದ ಮಾತು ಆ ಪಟ್ಟಿಯಲ್ಲಿ ಇಲ್ಲ.

ನಾನು ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಕಲಿಸುವವಳು. ಪರೀಕ್ಷೆಯ ಒಳಿತು-ಕೆಡುಕು ಗ್ರೂಪ್ ಡಿಸ್ಕಷನ್‌ಗೆ, ಸಂದರ್ಶನಕ್ಕೆ ತಯಾರಾಗುವವರಿಗೆ ಬೇಕೇ ಬೇಕಾದ ವಿಷಯ. ಐಇಎಲ್‌ಟಿಎಸ್ ತೆಗೆದುಕೊಳ್ಳಿ, ಹೊರದೇಶಕ್ಕೆ ಓದಲು ಅಥವಾ ಕೆಲಸಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಅದು. ಅದರ ಮಾತಿನ ಪರೀಕ್ಷೆ 11ರಿಂದ 14 ನಿಮಿಷದ್ದು. ಕೊನೆಯ 4–5 ನಿಮಿಷ ಇಂಥ ವಿಷಯಗಳ ಮೇಲೆ ಚರ್ಚೆ. ನಿಮ್ಮ ಅಭಿಪ್ರಾಯ ಸರಿಯೋ ತಪ್ಪೋ ಅಂತ ಅಲ್ಲಿ ಯಾರೂ ಅಂಕ ಹಾಕುವುದಿಲ್ಲ. ಮಾತಿನ ಓಘ, ಪದಬಳಕೆ, ವ್ಯಾಕರಣ, ಉಚ್ಚಾರಣೆ, ಇವಿಷ್ಟನ್ನೇ ನೋಡುತ್ತಾರೆ.

ಒಂದು ಸಂಜೆ ತರಗತಿಯಲ್ಲಿ ಇದೇ ಪ್ರಶ್ನೆ ಇಟ್ಟೆ. ಮೊದಲು ಕನ್ನಡದಲ್ಲಿ ಹೇಳಿ ಅಂದೆ. ಒಬ್ಬ ಹುಡುಗಿ ತಡೆಯದೆ ಶುರುಮಾಡಿದಳು: 'ಮೇಡಂ, ವರ್ಷವೆಲ್ಲ ಓದಿದವಳಿಗೆ ಅವತ್ತೇ ಜ್ವರ ಬಂದರೆ? ನಾಲ್ಕೇ ನಾಲ್ಕು ಪ್ರಶ್ನೆ ಓದಿಕೊಂಡು ಬಂದವಳಿಗೆ ಆ ನಾಲ್ಕೇ ಬಿದ್ದರೆ? ಇಬ್ಬರಲ್ಲಿ ಯಾರು ಜಾಣೆ ಅಂತ ಪೇಪರ್ ಹೇಗೆ ಹೇಳುತ್ತೆ?' ಎಷ್ಟು ಚೂಪಾದ ವಾದ ಅಲ್ವಾ? ಅದನ್ನೇ ಇಂಗ್ಲಿಷಿನಲ್ಲಿ ಹೇಳು ಅಂದಾಗ ಬಂದದ್ದು ಇಷ್ಟೇ: 'ಎಕ್ಸಾಮ್ ಈಸ್ ವೆರಿ ಟೆನ್ಷನ್.'

ಬೋರ್ಡಿನ ಮೇಲೆ ಮೂರು ವಾಕ್ಯ ಬರೆದೆ. 'ಎವ್ರಿಥಿಂಗ್ ಡಿಪೆಂಡ್ಸ್ ಆನ್ ಒನ್ ಡೇ.' 'ಲಕ್ ಪ್ಲೇಸ್ ಎ ಪಾರ್ಟ್.' 'ಎಕ್ಸಾಮ್ಸ್ ರಿವಾರ್ಡ್ ಮೆಮೊರಿ ಮೋರ್ ದ್ಯಾನ್ ಅಂಡರ್‌ಸ್ಟ್ಯಾಂಡಿಂಗ್.' ಅವಳು ಮೊದಲಿನ ಎರಡನ್ನು ಆರಿಸಿಕೊಂಡಳು. ಮೂರನೆಯದು ಬೇಡ, ತಾನು ಹೇಳಿದ್ದು ಅದಲ್ಲ ಅಂದಳು. ಆಮೇಲೆ 'ಈವನ್ ಇಫ್ ಯೂ ಸ್ಟಡಿ ಆಲ್ ಇಯರ್' ಅಂತ ತಾನೇ ಸೇರಿಸಿದಳು. ಇಡೀ ವಾದ ಇಂಗ್ಲಿಷಿನಲ್ಲಿ ಎದ್ದು ನಿಂತಿತು. ಅದರಲ್ಲಿ ಅವಳಿಗೆ ಗೊತ್ತಿಲ್ಲದ ಪದ ಒಂದೂ ಇರಲಿಲ್ಲ. ಯಾವ ಪದದ ಜೊತೆ ಯಾವುದು ಬರುತ್ತದೆ ಅನ್ನುವುದಷ್ಟೇ ಗೊತ್ತಿರಲಿಲ್ಲ.

ನಾನು ಗಮನಿಸಿದ ಇನ್ನೊಂದು ವಿಷಯ. ಪರೀಕ್ಷೆಯನ್ನು ಬೈಯೋಕೆ ಮಕ್ಕಳಿಗೆ ಹೇಗೋ ಮಾತು ಸಿಗುತ್ತದೆ. ಪ್ರೆಷರ್, ಸ್ಟ್ರೆಸ್, ಫಿಯರ್ ಎಲ್ಲ ಬಾಯಲ್ಲೇ ಇವೆ. ಪರೀಕ್ಷೆಯ ಪರವಾಗಿ ಮಾತಾಡು ಅಂದರೆ 'ನಾಲೆಡ್ಜ್ ವಿಲ್ ಇಂಪ್ರೂವ್' ಅಂದು ಸುಮ್ಮನಾಗುತ್ತಾರೆ. ಹಾಗಾಗಿ ಈ ಕಡೆಗೆ ಜಾಸ್ತಿ ಜಾಗ ಕೊಡಿ ಅಂತ ನನ್ನ ವಿನಂತಿ. 'ಎವ್ರಿವನ್ ಈಸ್ ಜಡ್ಜ್ಡ್ ಬೈ ದ ಸೇಮ್ ಸ್ಟ್ಯಾಂಡರ್ಡ್' ಅನ್ನುವ ಒಂದು ವಾಕ್ಯ ಕಲಿಸಿ. ಅದರ ಪಕ್ಕದಲ್ಲೇ ಚೀನಾದ ಉದಾಹರಣೆ ಇಡಿ. ಅಲ್ಲಿ ಅಧಿಕಾರಿಗಳನ್ನು ಆರಿಸಲು ನಡೆಯುತ್ತಿದ್ದ ಪರೀಕ್ಷೆ 1905ರಲ್ಲಿ ನಿಂತಿತು. ಅದಕ್ಕೂ ಎಷ್ಟೋ ಶತಮಾನ ಮೊದಲು, ಸಾಂಗ್ ರಾಜಮನೆತನದ ಕಾಲದಲ್ಲೇ, ಉತ್ತರಪತ್ರಿಕೆಯ ಮೇಲಿನ ಹೆಸರನ್ನು ಮುಚ್ಚುತ್ತಿದ್ದರು. ಕೈಬರಹದ ಗುರುತು ಸಿಗಬಾರದೆಂದು ಗುಮಾಸ್ತರಿಂದ ಇಡೀ ಉತ್ತರವನ್ನು ನಕಲು ಮಾಡಿಸುತ್ತಿದ್ದರು. 'ಅನಾನಿಮಸ್ ಮಾರ್ಕಿಂಗ್' ಅನ್ನುವ ಮಾತನ್ನು ಈ ಕತೆಯ ಜೊತೆ ಕೇಳಿದ ಮಗು ಮರೆಯುವುದಿಲ್ಲ.

'ರಿಟ್ರೀವಲ್ ಪ್ರ್ಯಾಕ್ಟೀಸ್' ಕೂಡ ಹಾಗೆಯೇ. ಪುಸ್ತಕ ಮುಚ್ಚಿ ನೆನಪಿನಿಂದ ಉತ್ತರ ತೆಗೆಯುವ ಅಭ್ಯಾಸ ಅದು. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ಪಾಠವನ್ನು ಮತ್ತೆ ಓದಿದವರಿಗಿಂತ, ಓದಿದ ಮೇಲೆ ಪರೀಕ್ಷೆ ಬರೆದವರಿಗೆ ಒಂದು ವಾರದ ನಂತರ ಜಾಸ್ತಿ ನೆನಪಿತ್ತು. ಐದು ನಿಮಿಷದ ನಂತರ ಕೇಳಿದಾಗ ಮಾತ್ರ ಮತ್ತೆ ಓದಿದವರೇ ಮುಂದಿದ್ದರು. ಅಂದರೆ ಪರೀಕ್ಷೆ ಬರೆಯುವುದೂ ಕಲಿಕೆಯೇ. ಇದನ್ನು ಹೇಳೋಕೆ 'ಟೆಸ್ಟ್ಸ್ ಹೆಲ್ಪ್ ಯೂ ರಿಮೆಂಬರ್' ಅಂದರೂ ಸಾಕು. ನನ್ನ ಮಟ್ಟಿಗೆ ಪರೀಕ್ಷೆಯ ಪರವಾಗಿ ಇರುವ ಅತಿ ಗಟ್ಟಿ ವಾದ ಇದು. ಸಣ್ಣ ಸಣ್ಣ ಪರೀಕ್ಷೆಗಳು ಆಗಾಗ ಇರಬೇಕು, ಒಂದೇ ದೊಡ್ಡ ಪರೀಕ್ಷೆಯ ಮೇಲೆ ಎಲ್ಲ ಭಾರ ಬೀಳಬಾರದು ಅನ್ನುವವಳು ನಾನು. 'ಲೋ ಸ್ಟೇಕ್ಸ್' (ಸೋತರೂ ಹೆಚ್ಚು ನಷ್ಟವಿಲ್ಲದ್ದು), 'ಹೈ ಸ್ಟೇಕ್ಸ್' (ಎಲ್ಲವೂ ಅದರ ಮೇಲೇ ನಿಂತಿರುವುದು) ಅನ್ನುವ ಜೋಡಿ ಗೊತ್ತಿದ್ದರೆ ಈ ಮಾತನ್ನು ಮಕ್ಕಳೂ ಸಲೀಸಾಗಿ ಹೇಳಬಲ್ಲರು.

'ವಾಷ್‌ಬ್ಯಾಕ್' ಅನ್ನು ಯಾವ ಪಟ್ಟಿಯಲ್ಲೂ ನಾನು ನೋಡಿಲ್ಲ. ಭಾಷೆ ಕಲಿಸುವವರ ನಡುವೆ ಇದು ಮಾಮೂಲಿ ಮಾತು. ಪರೀಕ್ಷೆ ಹೇಗಿರುತ್ತದೋ ಪಾಠವೂ ಹಾಗೇ ತಿರುಗುತ್ತದೆ ಅನ್ನುವುದು ಇದರ ಅರ್ಥ. ಬರೀ ಬಾಯಿಪಾಠ ಕೇಳಿದರೆ ಟೀಚರೂ ಅದನ್ನೇ ಮಾಡಿಸುತ್ತಾರೆ. ಮಾತಾಡಿಸಿ ಅಂಕ ಕೊಟ್ಟರೆ ತರಗತಿಯಲ್ಲಿ ಮಾತು ಶುರುವಾಗುತ್ತದೆ. ಒಳಿತು, ಕೆಡುಕು ಎರಡೂ ಒಂದೇ ಪದದಲ್ಲಿವೆ.

ಬಳಕೆಯ ಬಗ್ಗೆಯೂ ಎರಡು ಮಾತು ಹಾಕಿ. ನಾವು 'ರೈಟ್ ಆ್ಯನ್ ಎಕ್ಸಾಮ್' ಅನ್ನುತ್ತೇವೆ. ಬ್ರಿಟನ್ನಿನಲ್ಲಿ 'ಸಿಟ್', 'ಟೇಕ್' ಎರಡೂ ಇವೆ, ಅಮೆರಿಕದಲ್ಲಿ 'ಟೇಕ್'. ನಮ್ಮದಕ್ಕೆ ನಾಚಿಕೊಳ್ಳಬೇಕಿಲ್ಲ, ಕೆನಡಾದವರೂ 'ರೈಟ್' ಅನ್ನುತ್ತಾರೆ. ಆದರೆ 'ಪಾಸ್ ಔಟ್' ಬಗ್ಗೆ ಎಚ್ಚರ ಬೇಕು. 'ಐ ಪಾಸ್ಡ್ ಔಟ್ ಲಾಸ್ಟ್ ಇಯರ್' ಅಂದರೆ ಹೊರದೇಶದಲ್ಲಿ ಕೇಳುವವರಿಗೆ ಮೂರ್ಛೆ ಹೋದ ಸುದ್ದಿಯಾಗುತ್ತದೆ. 'ಗ್ರ್ಯಾಜುಯೇಟೆಡ್' ಅಂದರೆ ಗೊಂದಲವಿಲ್ಲ. ಓದಿದ್ದನ್ನು ಮತ್ತೆ ಓದುವುದಕ್ಕೆ ಬ್ರಿಟಿಷರು 'ರಿವೈಸ್' ಅಂದರೆ ಅಮೆರಿಕನ್ನರು 'ರಿವ್ಯೂ' ಅನ್ನುತ್ತಾರೆ.

ಎರಡೂ ಕಡೆ ತೂಗುವ ಮಾತುಗಳನ್ನಂತೂ ಬಿಡಲೇಬೇಡಿ. ಎಲ್ಲರೂ 'ಆನ್ ದ ಒನ್ ಹ್ಯಾಂಡ್' ಒಂದನ್ನೇ ಹಿಡಿದುಕೊಂಡಿದ್ದಾರೆ. 'ಇಟ್ ಡಿಪೆಂಡ್ಸ್ ಆನ್ ದ ಸಬ್ಜೆಕ್ಟ್', 'ದಟ್ಸ್ ಟ್ರೂ, ಬಟ್...', 'ಅಪ್ ಟು ಎ ಪಾಯಿಂಟ್', ಇವು ಮಾತಿನಲ್ಲಿ ಎಷ್ಟೋ ಸಹಜ.

ವಾರಕ್ಕೆ ಒಂದು ಪ್ರಶ್ನೆ, ಪರ ಒಬ್ಬರು ವಿರೋಧ ಒಬ್ಬರು ಮಾತಾಡುವ ಪುಟ್ಟ ಸಂಭಾಷಣೆ, ಕೆಳಗೆ ಕನ್ನಡದಲ್ಲಿ ವಿವರಣೆ. ಅಂಕಣದ ಈಗಿನ ಜಾಗವೇ ಸಾಕಾಗುತ್ತದೆ. 'ಒಂದೇ ಪರೀಕ್ಷೆಯೋ, ವರ್ಷವಿಡೀ ಮೌಲ್ಯಮಾಪನವೋ' ಅನ್ನುವುದರಿಂದ ಶುರುಮಾಡಬಹುದು. ಓದುವ ಮಕ್ಕಳಿಂದಲೇ ಇಂಗ್ಲಿಷಿನಲ್ಲಿ ನಾಲ್ಕೈದು ಸಾಲಿನ ಉತ್ತರ ತರಿಸಿ, ಪರ ಒಂದು, ವಿರೋಧ ಒಂದು ಪ್ರಕಟಿಸಿ. ತಿದ್ದುವ ಕೆಲಸಕ್ಕೆ ಜನ ಬೇಕಿದ್ದರೆ ನಾನು ಸಂತೋಷದಿಂದ ಮಾಡಿಕೊಡುತ್ತೇನೆ.

ಇತಿ,
ಸಂಜೆ ತರಗತಿಯ ಇಂಗ್ಲಿಷ್ ಶಿಕ್ಷಕಿ