ಒಂದೇ ಜಾಗವಿತ್ತು, ಮಗಳೇ

ಪ್ರೀತಿಯ ಪುಟ್ಟಿಗೆ,

ಭಾನುವಾರ ನಾನು ಫೋನ್ ಇಟ್ಟ ರೀತಿ ಸರಿಯಿರಲಿಲ್ಲ. ನೀನು ಕೇಳಿದ್ದು ಸಣ್ಣ ಪ್ರಶ್ನೆ. "ಅಮ್ಮ, ನೀನು ಶಾಲೆಯಲ್ಲಿ ಮಕ್ಕಳನ್ನು ಕೆಲಸ ನೋಡಿ ಕಲಿಯಲು ಕಳಿಸುವ ಕಾರ್ಯಾನುಭವದ ಪಟ್ಟಿ ಮಾಡುತ್ತಿದ್ದಾಗಲೂ ಹೀಗೇ ನಮ್ಮವರಿಗೆ ಜಾಗ ಕೊಡುತ್ತಿದ್ದೆಯಾ?" ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೂ ದೊಡ್ಡವರ ಹತ್ತಿರ ಮಾತನಾಡುವ ರೀತಿಯೇ ಇದು ಎಂದು ರೇಗಿದೆ. ಅಂದಿನಿಂದ ಮೂರು ಸಲ ನಿನ್ನ ನಂಬರ್ ಒತ್ತಿ, ಗಂಟೆ ಬಾರಿಸುವ ಮೊದಲೇ ನಿಲ್ಲಿಸಿದ್ದೇನೆ. ಬಾಯಲ್ಲಿ ಹೇಳಲು ನನ್ನಿಂದ ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಮಾವನ ಮಗನ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ. ವಾಸ್ತುಶಿಲ್ಪಿಯ ಕಚೇರಿಯಲ್ಲಿ ಸಿಕ್ಕಿರುವ ಎರಡು ಜಾಗಗಳಲ್ಲಿ ಒಂದನ್ನು ಅವನಿಗೆ ಕೊಡು ಎಂದು ಕೇಳಿದ್ದು ನನ್ನ ತಪ್ಪು. ನಿನ್ನ ತರಗತಿಯಲ್ಲಿ 42 ಮಕ್ಕಳಿದ್ದಾರೆ ಎಂದು ನೀನು ಹೇಳಿದೆ. ಅವರಲ್ಲಿ ಎಷ್ಟು ಜನ ಅದೇ ಜಾಗವನ್ನು ಬಯಸಿದ್ದಾರೆ ಎಂದು ನಾನು ಕೇಳಲೂ ಇಲ್ಲ. ಅಣ್ಣನಿಗೆ ನಾನೇ ಹೇಳುತ್ತೇನೆ. ಅವನು ನಾಲ್ಕು ದಿನ ಮುನಿಸಿಕೊಂಡರೆ ಮುನಿಸಿಕೊಳ್ಳಲಿ, ನೀನು ಆ ಗೋಜಿಗೆ ಹೋಗಬೇಡ.

ಇನ್ನು ನಿನ್ನ ಪ್ರಶ್ನೆ. ಹೌದು, ಒಂದು ಸಲ ಹಾಗೆ ಮಾಡಿದ್ದೇನೆ, ಅದೂ ನಿನಗಾಗಿ.

ನನ್ನ ಶಾಲೆಯಲ್ಲಿ ಓದುತ್ತಿದ್ದಾಗ ಪಶು ಆಸ್ಪತ್ರೆಯಲ್ಲಿ ನೀನು ಕಳೆದ ಆ ಐದು ದಿನಗಳನ್ನು ನಾನು ನೆನಪಿಸಬೇಕಾಗಿಲ್ಲ. ಕರುವಿನ ಕಥೆಯನ್ನು ನಿನ್ನ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನಿನಗೆ ಗೊತ್ತಿಲ್ಲದಿರುವುದು ಅದರ ಹಿಂದಿನ ವಾರ ನಡೆದದ್ದು. ಚಿಕಿತ್ಸೆಯ ಕೋಣೆ ಇಕ್ಕಟ್ಟು, ಒಬ್ಬರನ್ನು ಮಾತ್ರ ಕಳಿಸಿ ಎಂದು ವೈದ್ಯರು ಹೇಳಿದ್ದರು. ಅರ್ಜಿಗಳನ್ನು ತೆರೆದಾಗ ಇಬ್ಬರು ಅದನ್ನು ಮೊದಲ ಆಯ್ಕೆಯಾಗಿ ಬರೆದಿದ್ದರು. ಒಬ್ಬಳು ನೀನು. "ನನಗೆ ಪ್ರಾಣಿಗಳೆಂದರೆ ಬಹಳ ಇಷ್ಟ" ಎಂದು ಬರೆದು ಪಕ್ಕದಲ್ಲೊಂದು ನಾಯಿಮರಿಯ ಚಿತ್ರ ಬಿಡಿಸಿದ್ದೆ. ಇನ್ನೊಬ್ಬಳು ಹಿಂದಿನ ಬೆಂಚಿನ ಹುಡುಗಿ, ಮಾತು ಕಡಿಮೆ. ಅವಳು ಮೂರು ಸಾಲು ಬರೆದಿದ್ದಳು. "ನಮ್ಮ ಆಡು ಸತ್ತುಹೋಯಿತು. ಯಾಕೆ ಸತ್ತಿತು ಎಂದು ಯಾರಿಗೂ ಹೇಳಲು ಬರಲಿಲ್ಲ. ಅದನ್ನು ಹೇಗೆ ಕಂಡುಹಿಡಿಯುತ್ತಾರೆ ಎಂದು ನಾನು ನೋಡಬೇಕು."

ಅವಳ ಅರ್ಜಿಯನ್ನೇ ಮೇಲಿಟ್ಟೆ. ರಾತ್ರಿ ಮತ್ತೆ ಕಡತ ತೆಗೆದು ನಿನ್ನದನ್ನು ಮೇಲಿಟ್ಟೆ. ಅವಳ ಮನೆ ದೂರ, ಓಡಾಟ ಕಷ್ಟವಾಗಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆಯೇ ಇತ್ತು. ನಿನಗೆ ಜಾಗ ಸಿಗದಿದ್ದರೆ ನೀನು ಅಳುತ್ತಿದ್ದೆ, ಕಾರಣ ಕೇಳುತ್ತಿದ್ದೆ. ಅವಳಿಗೆ ಸಿಗದಿದ್ದರೆ ಕೇಳಿಕೊಂಡು ಬರುವವರು ಯಾರೂ ಇರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಅವಳನ್ನು ಒಂದು ಕಚೇರಿಗೆ ಹಾಕಿದೆ. ಆ ಕಚೇರಿಯನ್ನು ನಾನು ಮೊದಲು ನೋಡಿರಲಿಲ್ಲ. ಫೋನಿನಲ್ಲಿ ಒಪ್ಪಿಕೊಂಡಿದ್ದರು, ಅಷ್ಟೇ. ನಾಲ್ಕನೇ ದಿನ ಭೇಟಿಗೆ ಹೋದೆ. ಜೆರಾಕ್ಸ್ ಯಂತ್ರದ ಪಕ್ಕದಲ್ಲಿ ಒಂದು ಸ್ಟೂಲು, ಅದರ ಮೇಲೆ ಅವಳು. ಸ್ಟೂಲಿನ ಒಂದು ಕಾಲು ಗಿಡ್ಡವಾಗಿತ್ತು. ಅದು ಅಲುಗದಂತೆ ಬಲಗಾಲನ್ನು ನೆಲಕ್ಕೆ ಒತ್ತಿಕೊಂಡು ಕುಳಿತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ಹೇಗಿದೆ ಎಂದೆ. "ಚೆನ್ನಾಗಿದೆ ಮಿಸ್" ಎಂದಳು. ದಿನಚರಿ ಪುಸ್ತಕ ತೆಗೆದು ನೋಡಿದೆ. ಸೋಮವಾರ, "ಹಾಳೆಗಳನ್ನು ಜೋಡಿಸಿದೆ." ಮಂಗಳವಾರ, "ಹಾಳೆಗಳನ್ನು ಜೋಡಿಸಿದೆ, ಪಿನ್ ಹೊಡೆದೆ." ಬುಧವಾರ, "ನಿನ್ನೆಯ ಹಾಗೆ." ಗುರುವಾರದ ಕೆಳಗೆ ತಾರೀಖು ಬರೆದು, ಅಡಿಗೆರೆ ಎಳೆದು, ಜಾಗ ಖಾಲಿ ಬಿಟ್ಟಿದ್ದಳು. ಅಕ್ಷರ ಮುತ್ತಿನಂತಿತ್ತು.

ಅಂದು ಸಂಜೆ ನೀನು ಮನೆಗೆ ಬಂದಾಗ ಮೈಯೆಲ್ಲಾ ಔಷಧಿಯ ವಾಸನೆ. ಎರಡು ಗಂಟೆ ಒಂದೇ ಸಮನೆ ಮಾತನಾಡಿದೆ. ನಾನು ಹೂಂಗುಟ್ಟುತ್ತಿದ್ದೆ. ಅಮ್ಮ ಕೇಳಿಸಿಕೊಳ್ಳುತ್ತಿಲ್ಲ ಎಂದು ನೀನು ಅಪ್ಪನ ಹತ್ತಿರ ದೂರು ಹೇಳಿದ್ದು ನೆನಪಿದೆಯೇ? ನನ್ನ ಕಣ್ಣ ಮುಂದೆ ಆ ಸ್ಟೂಲು ಇತ್ತು. ಈಗಲೂ ಇದೆ. ಕಾಲು ಸಮವಿಲ್ಲದ ಯಾವ ಕುರ್ಚಿಯ ಮೇಲೆ ಕುಳಿತರೂ ನನ್ನ ಪಾದ ತಾನಾಗಿ ನೆಲವನ್ನು ಒತ್ತುತ್ತದೆ, ಆಗ ಅವಳು ನೆನಪಾಗುತ್ತಾಳೆ. ಮುಖ ಮಸುಕಾಗಿದೆ, ಆ ಪಾದ ಮಾತ್ರ ಮಾಸಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಚುಚ್ಚುವುದು ಇನ್ನೊಂದಿದೆ. ಮುಂದಿನ ರಜೆಯಲ್ಲಿ ಇನ್ನೊಬ್ಬಳನ್ನು ಒಂದು ವಾರ ಕಳಿಸಲೇ ಎಂದು ಕೇಳಿದ್ದರೆ ಆ ವೈದ್ಯರು ಖಂಡಿತ ಒಪ್ಪುತ್ತಿದ್ದರು. ಒಂದು ಮಾತು ಸಾಕಿತ್ತು. ಕೇಳಿದರೆ ಮೊದಲೇ ಯಾಕೆ ಅವಳನ್ನು ಕಳಿಸಲಿಲ್ಲ ಎಂಬ ಪ್ರಶ್ನೆ ಬರುತ್ತದೆ ಎಂದು ಕೇಳಲಿಲ್ಲ. ಅವಳು ಶಾಲೆ ಮುಗಿಸಿ ಹೋದಳು. ಅವಳ ಎದುರು ನಾನು ಕೊನೆಗೂ ಬಾಯಿ ಬಿಡಲಿಲ್ಲ.

ಇದನ್ನು ಓದಿ ಆ ಐದು ದಿನಗಳ ಸಂತೋಷ ನಿನಗೆ ಕಹಿಯಾಗಬಾರದು. ನೀನು ಏನನ್ನೂ ಕಸಿದುಕೊಂಡಿಲ್ಲ, ನಿನಗೆ ತಿಳಿದೇ ಇರಲಿಲ್ಲ. ಅಲ್ಲಿ ಕಲಿತದ್ದನ್ನು ನೀನು ಇಂದು ಜೀವಶಾಸ್ತ್ರದ ಪಾಠದಲ್ಲಿ ಮಕ್ಕಳಿಗೆ ಹಂಚುತ್ತಿದ್ದೀಯ. ತಪ್ಪು ನನ್ನದು, ಅದರ ಭಾರವೂ ನನ್ನದೇ.

ಅದರ ಮುಂದಿನ ವರ್ಷದಿಂದ ಒಂದು ಪದ್ಧತಿ ಮಾಡಿಕೊಂಡೆ. ಅರ್ಜಿಗಳು ಕೈಗೆ ಬಂದ ಕೂಡಲೇ ಹೆಸರಿನ ಮೇಲೆ ಕಾಗದದ ಪಟ್ಟಿ ಅಂಟಿಸಿ, ಸಂಖ್ಯೆ ಹಾಕಿ, ಇನ್ನೊಬ್ಬ ಶಿಕ್ಷಕಿಯ ಜೊತೆ ಕುಳಿತು ಓದುತ್ತಿದ್ದೆ. ಹಂಚಿಕೆ ಮುಗಿದ ಮೇಲೆಯೇ ಕಾಗದ ಕೀಳುವುದು. ನೀನೂ ಹಾಗೇ ಮಾಡು. ಒಬ್ಬಳೇ ಕುಳಿತು ಮಾತ್ರ ಮಾಡಬೇಡ.

ತಂದೆತಾಯಿಗಳು ತಮ್ಮ ಪರಿಚಯದ ಜಾಗವನ್ನು ತಮ್ಮ ಮಗುವಿಗೇ ಎಂದು ಕಟ್ಟಿಕೊಂಡು ಬರುತ್ತಾರೆ. ಜಾಗ ಕೊಡುವುದಾದರೆ ಇಡೀ ತರಗತಿಗೆ ಕೊಡಿ ಎಂದು ಮೊದಲ ಸಭೆಯಲ್ಲೇ ಹೇಳಿಬಿಡು. ಕೆಲವರು ಮುಖ ಸಿಂಡರಿಸುತ್ತಾರೆ, ಒಬ್ಬಿಬ್ಬರು ಹಿಂದೆ ಸರಿಯುತ್ತಾರೆ, ಸರಿಯಲಿ. ಡಾಕ್ಟರ ಮಗ ಆಸ್ಪತ್ರೆಗೆ, ವಕೀಲರ ಮಗಳು ನ್ಯಾಯಾಲಯಕ್ಕೆ, ಯಾರೂ ಗೊತ್ತಿಲ್ಲದವರ ಮಗು ಜೆರಾಕ್ಸ್ ಯಂತ್ರದ ಪಕ್ಕಕ್ಕೆ ಎಂದಾದರೆ ಈ ಕಾರ್ಯಕ್ರಮವನ್ನು ಶಾಲೆ ನಡೆಸುವ ಅಗತ್ಯವೇ ಇಲ್ಲ, ಮನೆಯವರೇ ನಡೆಸಿಕೊಳ್ಳುತ್ತಾರೆ.

ಜಾಗವನ್ನು ಕಣ್ಣಾರೆ ನೋಡದೆ ಒಂದು ಮಗುವನ್ನೂ ಕಳಿಸಬೇಡ. ಮಾಲೀಕರ ಜೊತೆ ಮಾತನಾಡಿ ಎದ್ದು ಬರಬೇಡ, ಮಗುವಿನ ಪಕ್ಕದಲ್ಲಿ ನಿಜವಾಗಿ ನಿಲ್ಲುವವರು ಯಾರು ಎಂದು ಕೇಳಿ ಅವರನ್ನು ಕಾಣು. ಅವರಿಗೆ ಒಂದೇ ಪ್ರಶ್ನೆ ಹಾಕು: ಮೂರನೇ ದಿನ ಹನ್ನೊಂದು ಗಂಟೆಗೆ ಈ ಮಗು ಏನು ಮಾಡುತ್ತಿರುತ್ತದೆ? ಮೊದಲ ದಿನ ಎಲ್ಲರೂ ಸುತ್ತಾಡಿಸಿ ತೋರಿಸುತ್ತಾರೆ, ಕೊನೆಯ ದಿನ ಬೆನ್ನು ತಟ್ಟಿ ಕಳಿಸುತ್ತಾರೆ. ಖಾಲಿ ಉಳಿಯುವುದು ನಡುವಿನ ದಿನಗಳೇ. ಅದಕ್ಕೆ ಉತ್ತರ ತಡವರಿಸಿದರೆ ಆ ಜಾಗವನ್ನು ಪಟ್ಟಿಯಿಂದ ಹೊಡೆದುಹಾಕು.

ಇನ್ನೂ ಒಂದು ಪ್ರಶ್ನೆಯಿದೆ, ಅದನ್ನು ನಿನ್ನಷ್ಟಕ್ಕೆ ಕೇಳಿಕೋ. ಈ ಮಗು ಬರದಿದ್ದರೆ ಆ ಕೆಲಸಕ್ಕೆ ಅವರು ಸಂಬಳ ಕೊಟ್ಟು ಯಾರನ್ನಾದರೂ ಇಡುತ್ತಿದ್ದರೇ? ಹೌದಾದರೆ ಅದು ಕಲಿಕೆಯ ಹೆಸರಿನ ಬಿಟ್ಟಿ ದುಡಿಮೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1973ರ 138ನೇ ಒಡಂಬಡಿಕೆ ದುಡಿಮೆಗೆ ಕನಿಷ್ಠ ವಯಸ್ಸನ್ನು ನಿಗದಿ ಮಾಡುತ್ತದೆ. ಅದರ 6ನೇ ವಿಧಿಯಲ್ಲಿ, 14 ತುಂಬಿದವರು ಸಂಸ್ಥೆಗಳಲ್ಲಿ ಮಾಡುವ ಕೆಲಸಕ್ಕೆ ವಿನಾಯಿತಿಯೂ ಇದೆ. ಆದರೆ ಆ ಕೆಲಸ ಶಾಲೆಯೇ ಹೊಣೆ ಹೊತ್ತ ಪಾಠಕ್ರಮದಂಥ ಶಿಕ್ಷಣದ ಅವಿಭಾಜ್ಯ ಅಂಗವಾಗಿರಬೇಕು, ಸರ್ಕಾರ ವಿಧಿಸಿದ ಷರತ್ತುಗಳಂತೆ ನಡೆಯಬೇಕು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 32ನೇ ವಿಧಿ, ಆರ್ಥಿಕ ಶೋಷಣೆಯಿಂದಲೂ ಓದಿಗೆ ಅಡ್ಡಿಯಾಗುವ ಕೆಲಸದಿಂದಲೂ ಮಗುವಿಗೆ ರಕ್ಷಣೆ ಬೇಕು ಎನ್ನುತ್ತದೆ. ನಾನು ಇವನ್ನು ಓದಿದ್ದು ಆ ಹುಡುಗಿಯನ್ನು ನೋಡಿ ಬಂದ ಮೇಲೆ. ಅವಳು ಜೋಡಿಸಿದ ಹಾಳೆಗಳು ಯಾವ ಪಾಠದ ಅಂಗ ಎಂದು ಯೋಚಿಸುತ್ತಾ ಓದಿದೆ.

ಪಾಠ ಹೇಳುವುದಿಲ್ಲ ಎಂದುಕೊಂಡೇ ಪೆನ್ನು ಹಿಡಿದಿದ್ದೆ, ಆದರೂ ಹೇಳುತ್ತಿದ್ದೇನೆ. ಹೊಣೆ ಹೊತ್ತು ನಿನಗಿದು ಮೊದಲ ವರ್ಷ, ನನಗೆ ನಿದ್ದೆ ಬರುತ್ತಿಲ್ಲ. ಬ್ಲೇಡು ತಿರುಗುವ ಯಂತ್ರ, ಆಮ್ಲ, ಏಣಿ, ಬಿಸಿ ಎಣ್ಣೆ ಇರುವ ಕಡೆ ಏನನ್ನು ಮುಟ್ಟಬಾರದು ಎಂಬುದನ್ನು ಮೊದಲ ಗಂಟೆಯಲ್ಲೇ ಹೇಳಿಕೊಡಬೇಕು. ತಪ್ಪು ತಿಳಿದಾರು ಎಂಬ ಸಂಕೋಚಕ್ಕೆ ಮಕ್ಕಳು ಅನುಮಾನ ಬಂದರೂ ಕೇಳುವುದಿಲ್ಲ, ಅಲ್ಲೇ ಪೆಟ್ಟಾಗುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬ ದೊಡ್ಡವರ ಜೊತೆ ಒಂದು ಮಗು ಮಾತ್ರ ಇರುವ ಸಂದರ್ಭವೇ ಬರಬಾರದು. ಮನೆಯವರ ಒಪ್ಪಿಗೆ ಬರವಣಿಗೆಯಲ್ಲಿರಲಿ. ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಮಗು ನೋಡದೆ ಹೇಳುವಂತಿರಲಿ. ಗಾಲಿಕುರ್ಚಿಯ ಹುಡುಗನಿದ್ದಾನೆ ಎಂದಿದ್ದೆಯಲ್ಲ, ಅವನ ಜಾಗಕ್ಕೆ ಎರಡು ಸಲ ಹೋಗು, ಶೌಚಾಲಯದ ಬಾಗಿಲಿನ ಅಗಲವನ್ನೂ ಅಳೆದು ಬಾ. ಭೇಟಿಯನ್ನು ಎರಡನೇ ದಿನವೇ ಇಟ್ಟುಕೋ. ನಾನು ಹೋಗಿದ್ದು ನಾಲ್ಕನೇ ದಿನ, ಸರಿಪಡಿಸಲು ಆಗ ಉಳಿದಿದ್ದು ಒಂದೇ ದಿನ.

ಭಾನುವಾರ ನೀನು "ಆಗುವುದಿಲ್ಲ ಅಮ್ಮ" ಎಂದಾಗ ನಿನ್ನ ದನಿ ನಡುಗಲಿಲ್ಲ. ಕೋಪದ ಮಧ್ಯೆಯೂ ಅದು ನನಗೆ ಕೇಳಿಸಿತು. ಒಂದು ರಾತ್ರಿಯೆಲ್ಲಾ ಕಡತ ಹಿಡಿದು ಕುಳಿತರೂ ನನಗೆ ಹೇಳಲಾಗದ ಮಾತನ್ನು ನೀನು ಹೆತ್ತ ತಾಯಿಗೇ ಹೇಳಿದೆ. ಅದನ್ನು ನಿನ್ನ ಅಪ್ಪನಿಗೆ ಎರಡು ಸಲ ಹೇಳಿದ್ದೇನೆ. ನಾಳೆ ಮುಖ್ಯೋಪಾಧ್ಯಾಯರು ಇಂಥದ್ದೇ ಶಿಫಾರಸಿನ ಚೀಟಿ ಹಿಡಿದು ಬರಬಹುದು ಎಂಬ ಭಯವೂ ಇದೆ. ಆಗ ಎದುರು ವಾದಿಸಿ ಕೆಲಸಕ್ಕೆ ಕುತ್ತು ತಂದುಕೊಳ್ಳಬೇಡ. ಹೆಸರು ಮುಚ್ಚಿದ ಅರ್ಜಿಗಳನ್ನು ಅವರ ಮೇಜಿನ ಮೇಲಿಟ್ಟು, ನೀವೇ ಆರಿಸಿ ಸರ್ ಎನ್ನು.

ವಾಸ್ತುಶಿಲ್ಪಿಯ ಕಚೇರಿ ಬೇಕೆಂದವರು ಇಬ್ಬರಿಗಿಂತ ಹೆಚ್ಚಿದ್ದರೆ, ಇನ್ನೊಂದು ವಾರ ಕೊಡುತ್ತೀರಾ ಎಂದು ಆ ವಾಸ್ತುಶಿಲ್ಪಿಯನ್ನು ಕೇಳು. ಸಂಕೋಚವಾದರೆ ನಾನೂ ಜೊತೆಗೆ ಬರುತ್ತೇನೆ, ಹೊರಗೆ ಕುಳಿತಿರುತ್ತೇನೆ.

ಇದರ ಜೊತೆ ಒಂದು ಹಳೆಯ ಅರ್ಜಿಯನ್ನು ಇಟ್ಟಿದ್ದೇನೆ. ಇಷ್ಟು ವರ್ಷ ನನ್ನ ಕಪಾಟಿನಲ್ಲಿತ್ತು. ಹೆಸರಿನ ಮೇಲೆ ಇಂದು ಬೆಳಗ್ಗೆ ಕಾಗದ ಅಂಟಿಸಿದೆ. ಮೂರೇ ಸಾಲು ಇದೆ, ಓದು. ಓದಿದ ಮೇಲೆ ಫೋನ್ ಮಾಡು, ಈ ಸಲ ನಾನು ಇಡುವುದಿಲ್ಲ.

ನಿನ್ನ
ಅಮ್ಮ