ಬೆಳಕಿನ ವೇಗವನ್ನು ಬದಲಿಸಿದ ಕಥೆಗಾರನಿಗೆ

ರಾಯಚೂರು

ಪ್ರೀತಿಯ ತಮ್ಮನಿಗೆ,
ಶುಭಾಶೀರ್ವಾದಗಳು.

ನಿನ್ನ ಕಥೆ ತಲುಪಿತು, ಓದಿದೆ. ಮಂಗಳ ಗ್ರಹದಲ್ಲಿ ಕೆಲಸಕ್ಕಿರುವ ಮಗಳು ಚಿನ್ನದ ಗಣಿಯ ಊರಾದ ಹಟ್ಟಿಯಲ್ಲಿರುವ ತಾಯಿಯೊಂದಿಗೆ ತಡವಿಲ್ಲದೆ ಮಾತನಾಡಬೇಕು ಎಂಬ ಒಂದೇ ಕಾರಣಕ್ಕೆ ಬೆಳಕಿನ ವೇಗದ ಮಿತಿಯನ್ನೇ ಕಿತ್ತುಹಾಕಿದ್ದೀಯೆ. ಆ ಧೈರ್ಯ ನನಗೆ ಇಷ್ಟವಾಯಿತು. ಆದರೆ ಮಿತಿ ಹೋದ ಮೇಲೂ ನಿನ್ನ ಹಟ್ಟಿ ಇದ್ದ ಹಾಗೆಯೇ ಇದೆ. ಗಣಿಯಲ್ಲಿ ಪಾಳಿ ಬದಲಾಗುತ್ತದೆ, ಹೊಲಕ್ಕೆ ಟ್ರ್ಯಾಕ್ಟರ್ ಹೊರಡುತ್ತದೆ, ತಾಯಿಯ ಕೊರಳಲ್ಲಿ ಚಿನ್ನದ ಬೋರಮಾಳ ಸರ ಹಳದಿಯಾಗಿ ಹೊಳೆಯುತ್ತದೆ. ನನ್ನ ತಕರಾರು ಇರುವುದು ಇಲ್ಲಿಯೇ. ನಿಸರ್ಗದ ಮೂಲ ನಿಯಮಕ್ಕೆ ಕೈಹಾಕಿದವನು ಅದರ ಪರಿಣಾಮವನ್ನು ಅಡುಗೆಮನೆಯ ಡಬ್ಬಿ, ಕೊರಳ ಸರದ ತನಕ ಬೆನ್ನುಹತ್ತಿ ಹೋಗಲೇಬೇಕು.

ಮಿತಿಯೇ ಇಲ್ಲ ಎಂದೆಯಲ್ಲ, ಮೊದಲು ಅದನ್ನು ನೋಡೋಣ. ಚಲಿಸುವ ವಿದ್ಯುದಾವೇಶಗಳ ನಡುವೆ ಕಾಂತಬಲ ಹುಟ್ಟುವುದು ಬೆಳಕಿನ ವೇಗಕ್ಕೊಂದು ಮಿತಿ ಇರುವುದರಿಂದಲೇ. ಮಿತಿ ಹೋದರೆ ಕಾಂತಬಲ ಸೊನ್ನೆ. ಪಂಪ್‌ಸೆಟ್ಟಿನ ಮೋಟಾರು ತಿರುಗುವುದಿಲ್ಲ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದಲ್ಲಿ ಕಲ್ಲಿದ್ದಲು ಉರಿದು ಟರ್ಬೈನ್ ಸುತ್ತಿದರೂ ಜನರೇಟರಿನಿಂದ ವಿದ್ಯುತ್ ಹೊರಡುವುದಿಲ್ಲ. ಅಷ್ಟೇ ಅಲ್ಲ, ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರ ಒಂದನ್ನೊಂದು ಹುಟ್ಟಿಸುತ್ತ ಮುಂದೆ ಸಾಗುವುದನ್ನೇ ನಾವು ಬೆಳಕು ಎನ್ನುತ್ತೇವೆ. ರೇಡಿಯೋ ಅಲೆಯೂ ಅದೇ. ಮಗಳ ಮಾತು ಬೇಗ ತಲುಪಲಿ ಎಂದು ನಿಯಮ ಮುರಿದೆ. ಆ ಮಾತನ್ನು ಹೊತ್ತು ತರುವ ಅಲೆಯೇ ಈಗ ಇಲ್ಲ.

ಆದ್ದರಿಂದ ಅನಂತದ ಆಸೆ ಬಿಡು. ವೇಗವನ್ನು ಎರಡು ಪಟ್ಟು ಮಾಡು, ಸಾಕು. ಅಷ್ಟಕ್ಕೇ ನಿನ್ನ ಊರಿನಲ್ಲಿ ಏನಾಗುತ್ತದೆ ಗೊತ್ತೇ? ಚಿನ್ನ ಬೆಳ್ಳಗಾಗುತ್ತದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿನ್ನ ಕಥೆಯ ಜೀವ ಇಲ್ಲಿದೆ ಎಂದು ನನಗನ್ನಿಸುತ್ತದೆ. ಹೈಡ್ರೋಜನ್ ಪರಮಾಣುವಿನಲ್ಲಿ ಎಲೆಕ್ಟ್ರಾನಿನ ವೇಗ ಬೆಳಕಿನ ವೇಗದ ಸುಮಾರು 137ರಲ್ಲಿ ಒಂದು ಭಾಗ. ಚಿನ್ನದ ಪರಮಾಣು ಸಂಖ್ಯೆ 79. ಅದರ ಅತ್ಯಂತ ಒಳಗಿನ ಎಲೆಕ್ಟ್ರಾನುಗಳು ಸರಿಸುಮಾರು 79 ಪಟ್ಟು ವೇಗದಲ್ಲಿರುತ್ತವೆ, ಅಂದರೆ ಬೆಳಕಿನ ವೇಗದ ಅರ್ಧಕ್ಕಿಂತ ಹೆಚ್ಚು. ಆ ವೇಗದಲ್ಲಿ ಐನ್‌ಸ್ಟೈನರ ಸಾಪೇಕ್ಷತೆ, ಅಂದರೆ ಬೆಳಕಿನ ವೇಗಕ್ಕೆ ಹತ್ತಿರವಾದಾಗ ಎದ್ದುಕಾಣುವ ನಿಯಮ, ಕೆಲಸ ಮಾಡತೊಡಗುತ್ತದೆ. ಎಲೆಕ್ಟ್ರಾನುಗಳ ಶಕ್ತಿಮಟ್ಟಗಳು ಸರಿದು, ಲೋಹ ನೀಲಿ ಬೆಳಕನ್ನು ಹೀರಿಕೊಂಡು ಹಳದಿ, ಕೆಂಪನ್ನು ಮರಳಿಸುತ್ತದೆ. ಬೆಳ್ಳಿಯ ಸಂಖ್ಯೆ 47; ಅಲ್ಲಿ ಈ ಪರಿಣಾಮ ಅಷ್ಟಿಲ್ಲ, ಅದಕ್ಕೇ ಅದು ಬಿಳಿ. ಈಗ ನೀನು ಬೆಳಕಿನ ವೇಗವನ್ನು ಇಮ್ಮಡಿ ಮಾಡಿದರೆ ಚಿನ್ನದ ಎಲೆಕ್ಟ್ರಾನುಗಳು ಬೆಳಕಿನ ಮುಂದೆ ಇಂದಿನ ಬೆಳ್ಳಿಯವುಗಳಿಗಿಂತ ನಿಧಾನ. ಹಳದಿ ಹೋಯಿತು.

ಟ್ರ್ಯಾಕ್ಟರಿನ ಗತಿಯೂ ಅದೇ. ಸೀಸದ ಬ್ಯಾಟರಿಯ 12 ವೋಲ್ಟಿನಲ್ಲಿ ಸುಮಾರು 10 ವೋಲ್ಟ್ ಬರುವುದು ಸಾಪೇಕ್ಷತೆಯ ಪರಿಣಾಮದಿಂದ ಎಂದು 2011ರಲ್ಲಿ ಸ್ವೀಡನ್ ಮತ್ತು ಫಿನ್‌ಲೆಂಡಿನ ಸಂಶೋಧಕರು ಲೆಕ್ಕ ಹಾಕಿ ತೋರಿಸಿದ್ದಾರೆ. ನಿನ್ನ ಲೋಕದಲ್ಲಿ ಬ್ಯಾಟರಿಯ ಬಲ ಅರ್ಧಕ್ಕಿಂತ ಕೆಳಗಿಳಿಯುತ್ತದೆ; ಕೀಲಿ ತಿರುಗಿಸಿದರೆ ಎಂಜಿನ್ ಎದ್ದೇಳುವುದಿಲ್ಲ.

ಭೌತಶಾಸ್ತ್ರ ಬಲ್ಲ ಓದುಗ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾನೆ. 1983ರಿಂದ ಮೀಟರನ್ನೇ ಬೆಳಕಿನ ವೇಗದಿಂದ ವ್ಯಾಖ್ಯಾನಿಸಲಾಗಿದೆ: ಸೆಕೆಂಡಿಗೆ 29,97,92,458 ಮೀಟರ್. ಬೆಳಕು ಬದಲಾದರೆ ಅಳತೆಕೋಲೂ ಬದಲಾಗುತ್ತದಲ್ಲ, ಮತ್ತೆ ಬದಲಾದದ್ದಾದರೂ ಏನು? ನಿನ್ನ ಉತ್ತರ ತಯಾರಿರಲಿ. ಬದಲಾದದ್ದು ಬೆಳಕಿನ ವೇಗಕ್ಕೂ ಹೈಡ್ರೋಜನ್ನಿನ ಎಲೆಕ್ಟ್ರಾನಿನ ವೇಗಕ್ಕೂ ನಡುವೆ ಮೇಲೆ ಹೇಳಿದ ಆ ಅನುಪಾತ. 137ರ ಜಾಗದಲ್ಲಿ 274 ಬಂದಿದೆ. ಇದನ್ನು ಕಥೆಯೊಳಗೆ ತರಬೇಕಾಗಿಲ್ಲ. ನಿನಗೆ ಗೊತ್ತಿದ್ದರೆ ವಾಕ್ಯಗಳು ತಾವಾಗಿ ಗಟ್ಟಿಯಾಗುತ್ತವೆ.

ಇಂಥ ಲೆಕ್ಕವನ್ನು ವಿಜ್ಞಾನಿಗಳೂ ಮೈಮರೆತು ಮಾಡಿದ್ದಾರೆ. ಗುರುತ್ವದ ಬಲ ಕಾಲದೊಂದಿಗೆ ಕುಗ್ಗುತ್ತಿರಬಹುದು ಎಂದು 1937ರಲ್ಲಿ ಡಿರಾಕ್ ಸೂಚಿಸಿದರು. 1948ರಲ್ಲಿ ಎಡ್ವರ್ಡ್ ಟೆಲ್ಲರ್ ಅದನ್ನು ಹಿಡಿದು ಹಿಂದಕ್ಕೆ ನಡೆದರು. ಸೂರ್ಯನ ಪ್ರಕಾಶ ಗುರುತ್ವ ಸ್ಥಿರಾಂಕದ, ಅಂದರೆ ಗುರುತ್ವ ಎಷ್ಟು ಬಲವಾಗಿದೆ ಎಂದು ಹೇಳುವ ಸಂಖ್ಯೆಯ, ಏಳನೆಯ ಘಾತದಂತೆ ಏರುತ್ತದೆ. ಗುರುತ್ವ ಇಮ್ಮಡಿಯಾದರೆ ಪ್ರಕಾಶ 128 ಪಟ್ಟು. ಹಿಂದೆ ಗುರುತ್ವ ಹೆಚ್ಚಿದ್ದಿದ್ದರೆ ಸಮುದ್ರದ ನೀರು ಕುದಿಯುವ ಹತ್ತಿರಕ್ಕೆ ಬಂದಿರಬೇಕಿತ್ತು, ಆದರೆ ಆ ಕಾಲದ ಜೀವಿಗಳ ಪಳೆಯುಳಿಕೆಗಳು ಕಲ್ಲಿನಲ್ಲಿವೆ ಎಂದು ಅವರು ವಾದಿಸಿದರು. ಒಂದು ಸ್ಥಿರಾಂಕದಿಂದ ಹೊರಟು ಸಮುದ್ರದೊಳಗಿನ ಹುಳುವಿನ ತನಕ ಬಂದ ಆ ದಾರಿಯನ್ನು ಗಮನಿಸು. ಕಥೆಗಾರನ ದಾರಿಯೂ ಅದೇ.

ಎಲ್ಲವನ್ನೂ ಹಿಂಬಾಲಿಸಲು ಆಗುವುದಿಲ್ಲ, ನಿಜ. 274 ಎಂದರೆ ಸೂರ್ಯನ ಒಡಲಿನ ವ್ಯವಹಾರವೂ ಬದಲಾಗುತ್ತದೆ, ಅದನ್ನು ನಿನ್ನ ಹನ್ನೆರಡು ಪುಟ ಹೊರಲಾರವು. ಬದಲಾವಣೆ ಸೂರ್ಯನನ್ನು ಮುಟ್ಟಲಿಲ್ಲ ಎಂದು ಮೊದಲ ಪುಟದಲ್ಲೇ ಓದುಗನೊಂದಿಗೆ ಕರಾರು ಮಾಡಿಕೋ. ಒಂದು ರಿಯಾಯಿತಿ ಕೇಳಿದರೆ ಓದುಗ ಕೊಡುತ್ತಾನೆ. ಕೇಳದೆ ತೆಗೆದುಕೊಂಡರೆ ಪುಸ್ತಕ ಮುಚ್ಚುತ್ತಾನೆ.

ಈಗ ಪತ್ತಾರನ, ಅಂದರೆ ಅಕ್ಕಸಾಲಿಗನ, ಅಂಗಡಿಗೆ ಹೋಗು. ಬಿತ್ತನೆಯ ಹೊತ್ತು, ಹತ್ತಿ ಬೀಜಕ್ಕೆ, ಗೊಬ್ಬರಕ್ಕೆ ಹಣ ಬೇಕೆಂದು ತಾಯಿ ಬೋರಮಾಳ ಅಡವಿಡಲು ಬಂದಿದ್ದಾಳೆ. ಒರೆಗಲ್ಲಿನ ಮೇಲೆ ತಿಕ್ಕಿದರೆ ಬಿಳಿ ಗೆರೆ. ತಲೆತಲಾಂತರದಿಂದ ಬಣ್ಣ ನೋಡಿ ಬೆಲೆ ಹೇಳಿದ ಕಣ್ಣು ಇಂದು ಕೆಲಸಕ್ಕೆ ಬಾರದು. ಅವನು ಸರವನ್ನು ಅಂಗೈಯಲ್ಲಿ ತೂಗಿ ನೋಡುತ್ತಾನೆ. ಅಷ್ಟೇ ಗಾತ್ರದ ಬೆಳ್ಳಿ ಸುಮಾರು ಅರ್ಧ ತೂಗುತ್ತದೆ. ಇದು ಚಿನ್ನವೇ ಎಂದು ಅವನ ಕೈಗೆ ಗೊತ್ತು. ಆದರೂ ನಾಳೆ ಇದನ್ನು ಯಾರು ಕೊಳ್ಳುತ್ತಾರೆ? ತಾಳಿಯ ಗುಂಡುಗಳು ಬೆಳ್ಳಗಾದ ಹೆಂಗಸರು ಊರಲ್ಲಿ ಏನೇನು ಅಂದುಕೊಳ್ಳುತ್ತಾರೆ? ಅಲ್ಲಿ ನಿಲ್ಲು, ಅವಸರ ಮಾಡಬೇಡ. ಪತ್ತಾರನ ಬಾಯಿಂದ ಪರಮಾಣು, ಎಲೆಕ್ಟ್ರಾನು ಎಂದೇನೂ ಹೇಳಿಸಬೇಡ.

ಇನ್ನು ಮಗಳ ವಿಚಾರ. ಮಂಗಳದಿಂದ ಮಾತು ಬರಲು ಈಗ ಗ್ರಹಗಳ ಸ್ಥಾನಕ್ಕೆ ತಕ್ಕಂತೆ ಸುಮಾರು 3ರಿಂದ 22 ನಿಮಿಷ ಬೇಕು. ನಿನ್ನ ಹೊಸ ಲೋಕದಲ್ಲಿ ಅದು ಒಂದೂವರೆಯಿಂದ 11 ನಿಮಿಷ. ಕಾಯುವುದು ತಪ್ಪಲಿಲ್ಲ, ತಪ್ಪಬಾರದು ಕೂಡ. ತಾಯಿ ‘ಸರ ಬೆಳ್ಳಗಾಯಿತವ್ವ’ ಎಂದು ಹೇಳಿ ಕಳಿಸಿದಾಗ, ಮಗಳ ಬೆರಳಿನ ಉಂಗುರವೂ ಆಗಲೇ ಬಿಳಿಯಾಗಿದೆ. ಅವಳೂ ಅದೇ ಸುದ್ದಿ ಕಳಿಸಿದ್ದಾಳೆ. ಎರಡು ಮಾತುಗಳೂ ದಾರಿಯಲ್ಲಿ ಒಂದನ್ನೊಂದು ದಾಟಿ ಹೋಗುತ್ತವೆ. ಈ ಭಾಗವನ್ನು ನೀನೇ ಬರೆಯಬೇಕು, ನಾನು ಹೆಚ್ಚು ಹೇಳಲಾರೆ.

ತಿದ್ದಿದ ಪ್ರತಿಯನ್ನು ಕಳಿಸು. ಕಳಿಸುವ ಮೊದಲು ನಿಮ್ಮೂರಿನ ಯಾವುದಾದರೂ ಪತ್ತಾರರ ಬಳಿ ಅರ್ಧ ದಿನ ಕುಳಿತು ಬಾ. ಒರೆಗಲ್ಲನ್ನು ಅವರು ಹೇಗೆ ಹಿಡಿಯುತ್ತಾರೆ, ಗೆರೆ ಎಳೆದ ಮೇಲೆ ಬೆಳಕಿನತ್ತ ಎಷ್ಟು ಓರೆ ಮಾಡುತ್ತಾರೆ ಎಂಬುದನ್ನು ಬರೆದುಕೋ. ನಿನ್ನ ಕರಡಿನಲ್ಲಿ ಅದು ಇಲ್ಲ.

ಇಂತಿ ನಿನ್ನ,
ಅಕ್ಕ